ಕ್ಯಾಸೆಟ್ಟಿನ ಬಾಲ

ನನ್ನ ಮದುವೆಯ ವೀಡಿಯೋ ತೆಗೆದವರು ಬಂದರಿನ ಒಬ್ಬ ಬ್ಯಾರಿ. ಗಲ್ಫಿನಲ್ಲಿ ಕೆಲವು ವರ್ಷ ದುಡಿದು ಊರಿಗೆ ಬರುವಾಗ ಉಳಿದವರು ಚಿನ್ನ, ಅತ್ತರು ತಂದರೆ ಇವರು ಹೆಗಲು ಬಾಗಿಸುವಷ್ಟು ಭಾರದ ಕ್ಯಾಮರಾ ತಂದಿದ್ದರು. ಎಂಬತ್ತರ ದಶಕದ ಮಂಗಳೂರಿನಲ್ಲಿ ಅವರನ್ನು ಕರೆಯದ ಮದುವೆಗಳು ಕಡಿಮೆ, ಕರೆದ ಮೇಲೆ ಬೈಯದ ಮನೆಗಳು ಇನ್ನೂ ಕಡಿಮೆ. ಧಾರೆ ಎರೆಯುವಾಗ ಅವರ ಕ್ಯಾಮರಾ ಬ್ಯಾಂಡಿನವನ ಉಬ್ಬಿದ ಕೆನ್ನೆಯ ಮೇಲಿರುತ್ತಿತ್ತು. ಹೋಟೆಲು ನಡೆಸುತ್ತಿದ್ದ ನನ್ನ ಮಾವ ಜರಿ ಶಾಲು ಹೊದ್ದು ನಿಂತದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು, ಎಂಜಲೆಲೆ ಎತ್ತುವ ಹೆಂಗಸು ಮಾತ್ರ ಬೇಕಾದಷ್ಟು ಹೊತ್ತು. ಮಾವ ಅದನ್ನು ಸಾಯುವವರೆಗೂ ಮರೆಯಲಿಲ್ಲ.

ಮದುವೆಯ ಮುಂದಿನ ತಿಂಗಳು ಉರ್ವದ ಗಂಡನ ಮನೆಯಲ್ಲಿ ನೆಂಟರೆಲ್ಲ ಸೇರಿ ಆ ಕ್ಯಾಸೆಟ್ ನೋಡಿದೆವು. ಟಿವಿಯಲ್ಲಿ ನಾನು ಕಾರು ಹತ್ತಿ ಅತ್ತದ್ದೂ ಆಯಿತು. ಅತ್ತೆಯಂದಿರು ಊಟದ ಭಾರಕ್ಕೆ ಅಲ್ಲೇ ಒರಗಿ ನಿದ್ದೆ ಹೋದರು. ಟೇಪು ನಿಲ್ಲಿಸಲು ಯಾರೂ ಏಳಲಿಲ್ಲ. ಸ್ವಲ್ಪ ಹೊತ್ತು ಬರೀ ನೀಲಿ, ಆಮೇಲೆ ಇದ್ದಕ್ಕಿದ್ದಂತೆ ಹುಲಿವೇಷದವನೊಬ್ಬ ಬಾವಿಕಟ್ಟೆಯಲ್ಲಿ ಕೂತು ಸೀಮೆಎಣ್ಣೆಯಲ್ಲಿ ಮೈಯ ಬಣ್ಣ ಉಜ್ಜಿ ತೆಗೆಯುತ್ತಿದ್ದ. ಅವನ ಹಿಂದೆಯೇ ಹೊಳೆಯಾಚೆಯ ಮೀನುಗಾರರ ಬೆಂಗ್ರೆ ಬಂತು. ಟಾರ್ಪಾಲಿನ ಕೆಳಗೆ ಬಾಡಿಗೆಯ ವೀಸಿಆರ್‌ನಲ್ಲಿ ಸಿನಿಮಾ ನಡೆಯುತ್ತಿದೆ. ಕ್ಯಾಮರಾ ಸಿನಿಮಾಕ್ಕೆ ಬೆನ್ನು ಹಾಕಿ ನೋಡುವವರ ಮುಖಗಳನ್ನೇ ನೋಡುತ್ತಿದೆ. ಒಬ್ಬಳು ಸೆರಗನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಪಕ್ಕದಲ್ಲಿ ಅವಳ ಗಂಡ, ನಗಬಾರದೆಂದು ಹಟ ಹಿಡಿದವರ ಹಾಗೆ ಕೈಕಟ್ಟಿ ಕೂತಿದ್ದ. ನಾನು ನೆಲದಲ್ಲಿ ಚಕ್ಕಳಮಕ್ಕಳ ಕೂತು ಕೊನೆಯವರೆಗೂ ನೋಡಿದೆ. ಅಷ್ಟು ಚಂದದ್ದನ್ನು ನಾನು ಟಿವಿಯಲ್ಲಿ ಅದುವರೆಗೆ ನೋಡಿರಲಿಲ್ಲ.

ಆಮೇಲೆ ಆ ವೀಡಿಯೋದವರು ಪೇಟೆಯಲ್ಲಿ ಸಿಕ್ಕಾಗ ಇದನ್ನು ಕೇಳಿದೆ. ಅವರು ನಾಚಿಕೊಂಡರು. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಮದುವೆ ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ, ಉಳಿದ ಜಾಗ ಯಾಕೆ ಹಾಳು ಮಾಡುವುದು ಎಂದರು. ಅವರ ಕೈಯಲ್ಲಿ ಒಂದು ಪ್ರತಿಯೂ ಇರಲಿಲ್ಲ. ತಮಗೆ ಬೇಕೆಂದು ಅವರು ತೆಗೆದದ್ದೆಲ್ಲ ಬೇರೆಯವರ ಕಪಾಟುಗಳಲ್ಲಿ, ಬೇರೆಯವರ ಮದುವೆಯ ಬಾಲದಲ್ಲಿ ಇತ್ತು.

ನಾಲ್ಕೈದು ವರ್ಷದ ಮೇಲೆ ಅವರು ಸ್ಕೂಟರಿನಲ್ಲಿ ಎರಡು ವೀಸಿಆರ್ ಕಟ್ಟಿಕೊಂಡು ಮನೆಮನೆಗೆ ಹೊರಟರು. ಬಾಲಗಳನ್ನೆಲ್ಲ ಸೇರಿಸಿ ಒಂದು ಕ್ಯಾಸೆಟ್ ಮಾಡಿ ಬೆಂಗ್ರೆಯವರಿಗೆ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರಂತೆ. ನಮ್ಮ ಮನೆಗೂ ಬಂದರು. ಹಿಂದಿನ ವರ್ಷ ಟಿವಿಯಲ್ಲಿ ಬಂದ ಅರ್ಧ ಗಂಟೆಯ ಚಿತ್ರಗೀತೆಗಳನ್ನು ನಾನು ಆ ಬಾಲದ ಮೇಲೆಯೇ ರೆಕಾರ್ಡ್ ಮಾಡಿದ್ದೆ. ಅಲ್ಲಿ ಏನಿದೆಯೆಂದು ಗೊತ್ತಿಲ್ಲದೆ ಅಲ್ಲ. ಮದುವೆಯ ಮೇಲೆ ಮಾಡಿದರೆ ಗಂಡ ಬಿಡುವುದಿಲ್ಲ, ಬೆಂಗ್ರೆಯವರ ಮೇಲೆ ಮಾಡಿದರೆ ಕೇಳುವವರು ಯಾರು ಎಂದು ನನ್ನ ಲೆಕ್ಕ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಅವರು ಸಿಟ್ಟಾಗಲಿಲ್ಲ. ಹೆಚ್ಚಿನ ಮನೆಗಳ ಕಥೆ ಇದೇ ಆಗಿತ್ತು. ಕೆಲವರು ಕ್ರಿಕೆಟ್, ಕೆಲವರು ವಾರ್ತೆ. ಅವರು ನನ್ನ ಹಾಡುಗಳನ್ನು ಪೂರ್ತಿ ಓಡಲು ಬಿಟ್ಟು ಕಾದರು. ಹಾಡು ಮುಗಿದ ಮೇಲೆ ಅಳಿಯದೆ ಉಳಿದ ಅರ್ಧ ನಿಮಿಷ ಕಾಣಿಸಿತು. ಸೆರಗಿನವಳು, ಪಕ್ಕದಲ್ಲಿ ಗಂಡ. ಆ ಕೊನೆಯಲ್ಲಿ ಅವನ ಹಟ ಒಡೆದು ಅವನೂ ಗೊಳ್ಳೆಂದು ನಗುತ್ತಾನೆ.

"ಇಷ್ಟು ಉಂಟಲ್ಲ ಅಕ್ಕ, ಸಾಕು" ಎಂದರು. ಹಾಡಿನ ಕೊನೆಯ ಸಾಲನ್ನೂ ಸೇರಿಸಿಯೇ ಪ್ರತಿ ಮಾಡಿಕೊಂಡರು. ನಾನು ಕತ್ತರಿಸಿ ಎಂದರೆ, ಜನ ಹೇಗೆ ಮುಚ್ಚಿಹೋಗುತ್ತಾರೆಂದೂ ಕಾಣಬೇಕಲ್ಲ ಎಂದರು.

ತಪ್ಪು ಮಾಡಿದವಳಿಗೆ ಹೋಗದೆ ಇರಲಾಗಲಿಲ್ಲ. ಆ ಕ್ಯಾಸೆಟ್ ತೋರಿಸುವ ಭಾನುವಾರ ಮಧ್ಯಾಹ್ನ ದೋಣಿ ಹತ್ತಿ ಬೆಂಗ್ರೆಗೆ ಹೋದೆ. ಬಲೆ ಇಡುವ ಶೆಡ್ಡಿಗೆ ಟಾರ್ಪಾಲು ಕಟ್ಟಿ ಕತ್ತಲೆ ಮಾಡಿದ್ದರು. ಕ್ರಿಕೆಟ್ಟಿನ ನಡುವಿನಿಂದ ಇನ್ನೊಬ್ಬ ಹುಲಿವೇಷದವನು ಎದ್ದು ಬಂದ. ವಾರ್ತೆ ಓದುವವಳ ಬಾಯಿ ಮುಚ್ಚುವ ಮೊದಲೇ ಬಲೆ ನೇಯುವ ಮುದುಕ ಬಂದ. ಜನ ಶಿಳ್ಳೆ ಹೊಡೆದರು. ಅಷ್ಟೊಂದು ಜನರನ್ನು ನಮ್ಮ ಊರು ಮದುವೆಗಳ ಹಿಂದೆ ಇಟ್ಟುಕೊಂಡಿತ್ತೆಂದು, ಅವರನ್ನೆಲ್ಲ ಈ ಮನುಷ್ಯ ಒಬ್ಬನೇ ನೋಡಿದ್ದನೆಂದು ನನಗೆ ಅಲ್ಲಿ ಗೊತ್ತಾಯಿತು.

ನನ್ನ ಹಾಡು ಬಂತು, ಮುಗಿಯಿತು, ಗಂಡ ಹೆಂಡತಿ ನಕ್ಕರು. ಆ ಗಂಡ ಹೋದ ಮಳೆಗಾಲ ಸಮುದ್ರಕ್ಕೆ ಹೋಗಿ ಮರಳಿರಲಿಲ್ಲವೆಂದು ಪಕ್ಕದವಳು ನನ್ನ ಕಿವಿಯಲ್ಲಿ ಹೇಳಿದಳು. ಮುಂದಿನ ಸಾಲಿನಲ್ಲಿ ಸೆರಗಿನವಳು ಎದ್ದು ನಿಂತಿದ್ದಳು.

"ಇದಕ್ಕಿಂತ ಮೊದಲು ಎಂತ ಇತ್ತು?" ಎಂದು ಕೇಳಿದಳು.

ವೀಡಿಯೋದವರು ನನ್ನ ಕಡೆ ತಿರುಗಲೇ ಇಲ್ಲ. "ಎಂತದೂ ಇಲ್ಲ ಅಕ್ಕ, ನಾನು ಕ್ಯಾಮರಾ ಶುರು ಮಾಡಿದ್ದೇ ಆಗ" ಎಂದರು.

ಅವಳು ಇನ್ನೊಮ್ಮೆ ಹಾಕಲು ಹೇಳಿದಳು. ಅವರು ಟೇಪು ಹಿಂದಕ್ಕೆ ಸುತ್ತಿ ಹಾಕಿದರು, ಮತ್ತೆ ಹಾಕಿದರು, ಅವಳು ಕೂರುವವರೆಗೂ ಹಾಕಿದರು. ಪ್ರತಿ ಸಲವೂ ಅದು ನನ್ನ ಹಾಡಿನ ಕೊನೆಯ ಸಾಲಿನಿಂದಲೇ ಶುರುವಾಗುತ್ತಿತ್ತು.