ಆಲಿಕಲ್ಲಿಗೆ ಜಗ್ಗದ ಅಡುಗೆಮನೆ

ಅವ್ವನ ಕಣ್ಣು ಪರೀಕ್ಷಿಸಿದ ಚಿತ್ರದುರ್ಗದ ಡಾಕ್ಟರು ಒಂದೇ ಮಾತು ಹೇಳಿದ್ದರು: ಇನ್ನು ಹೊಗೆ ತಾಗಬಾರದು, ತಾಗಿದರೆ ಉಳಿದಿರುವ ದೃಷ್ಟಿಯೂ ಹೋಗುತ್ತದೆ. ಅವ್ವ ತಲೆಯಾಡಿಸಿದಳು. ಹೊಳಲ್ಕೆರೆ ಹತ್ತಿರದ ನಮ್ಮೂರಿಗೆ ಬಂದು, ಕೈಕಾಲು ತೊಳೆದು, ನೇರ ಹೋಗಿ ಒಲೆ ಹಚ್ಚಿದಳು. ಗ್ಯಾಸಿನ ಮೇಲೆ ಬೇಯಿಸಿದ ಮುದ್ದೆ ಅವಳ ಪಾಲಿಗೆ ಮುದ್ದೆಯೇ ಅಲ್ಲ. ಆ ಅಡುಗೆಮನೆಗೆ ಇರುವುದು ಅಂಗೈ ಅಗಲದ ಒಂದು ಬೆಳಕಿಂಡಿ. ಅವ್ವ ಒಲೆ ಬಿಡದಿದ್ದರೆ ಒಲೆಯನ್ನೇ ಹಿತ್ತಲಿಗೆ ಸಾಗಿಸುತ್ತೇನೆ ಎಂದು ನಾನೂ ಹಟಕ್ಕೆ ಬಿದ್ದೆ. ಹಟ ನನಗೆ ಬಂದಿರುವುದೂ ಅವಳಿಂದಲೇ.

ಹಿಂದೆ ಹಿತ್ತಲಿನಲ್ಲಿ ಸಿಮೆಂಟ್ ಶೀಟಿನ ಮಾಡೊಂದು ಇತ್ತು. ಒಂದು ಬೇಸಿಗೆಯಲ್ಲಿ ಆಲಿಕಲ್ಲು ಬಿದ್ದು ಶೀಟು ಒಡೆದು, ಅದರ ಚೂರು ಅಡುಗೆ ಮಾಡುತ್ತಿದ್ದ ಅವ್ವನ ಹೆಗಲಿಗೇ ಬಡಿದಿತ್ತು. ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ಈಗ ಮಜ್ಜಿಗೆಯನ್ನೂ ಊದುತ್ತಿದ್ದಳು.

“ನೀನು ಏನಾರ ಕಟ್ಟಿಸ್ಕಳಪ್ಪ. ಅದು ಒಂದು ಆಲಿಕಲ್ಲು ಮಳೆ ತಡಕಳ್ಳಿ, ಆಮ್ಯಾಲೆ ನೋಡಾಣ. ಅಲ್ಲೀ ತಂಕ ನಾನು ಅತ್ಲಾಗೆ ಕಾಲಿಡಲ್ಲ” ಅಂದಳು.

ಸರಿ, ಶೀಟು ಹುಡುಕಲು ಹೊರಟೆ. ಹೊಳಲ್ಕೆರೆಯಲ್ಲಿ ನೋಡಿದೆ, ಹೊಸದುರ್ಗದಲ್ಲಿ ನೋಡಿದೆ. ಎಲ್ಲರೂ “ಗಟ್ಟಿ ಐತೆ ಸಾರ್” ಅನ್ನುವವರೇ. ಬಾಯಿಮಾತು ನಂಬುವ ಜಾಯಮಾನ ನನ್ನದಲ್ಲ. ಸಣ್ಣ ಬಟ್ಟಲುಗಳಲ್ಲಿ ನೀರಿಟ್ಟು, ಫ್ರಿಜ್ಜಿನಲ್ಲಿ ನಿಂಬೆಗಾತ್ರದ ಐಸ್ ಗಡ್ಡೆ ಮಾಡಿ, ಫ್ಲಾಸ್ಕಿಗೆ ತುಂಬಿಕೊಂಡು ಹಿರಿಯೂರಿನ ಬಸ್ಸು ಹತ್ತಿದೆ. ಅಲ್ಲಿನ ಅಂಗಡಿಯಲ್ಲಿ ಸ್ಯಾಂಪಲ್ ತುಂಡುಗಳನ್ನು ಗೋಡೆಗೆ ಒರಗಿಸಿ ಬೀಸಿ ಬೀಸಿ ಹೊಡೆದೆ. ಬೆಳಕು ಬೀಳುತ್ತದೆಂದು ನಾನು ಆಸೆಪಟ್ಟಿದ್ದ ಫೈಬರ್ ಶೀಟು ಎರಡನೇ ಏಟಿಗೇ ಬಿರುಕುಬಿಟ್ಟಿತು. ದಪ್ಪನೆಯ ಜಿಂಕ್ ಶೀಟಿಗೆ ಸಣ್ಣ ತಗ್ಗು ಬಿದ್ದಿದ್ದು ಬಿಟ್ಟರೆ ಏನೂ ಆಗಲಿಲ್ಲ.

“ಬರ್ರಿ ಸಾರ್, ಕುಂತ್ಕಳ್ರಿ, ಟೀ ಕುಡೀರಿ. ನಿಮ್ಮಂಥೋರು ಇನ್ನಿಬ್ರು ಬಂದ್ರೆ ಅಂಗ್ಡಿ ಮುಚ್ಚಾದೇಯ” ಎಂದು ಅಂಗಡಿಯವರು ಕೈಮುಗಿದರು.

ಜಿಂಕ್ ಶೀಟನ್ನೇ ಕಬ್ಬಿಣದ ಆಂಗಲ್ಲಿಗೆ ಬಿಗಿಸಿ, ನೀರು ನಿಲ್ಲದಂತೆ ಇಳಿಜಾರು ಕೊಡಿಸಿದೆ. ಪ್ಲೈವುಡ್ಡಿನ ಬೀರು ಎರಚಲಿಗೆ ಉಬ್ಬುತ್ತದೆ, ಟೈಲ್ಸು ಏಟಿಗೆ ಚಕ್ಕೆ ಏಳುತ್ತದೆ. ಹಾಗಾಗಿ ಅವೆರಡನ್ನೂ ಬಿಟ್ಟು, ನೆಲದ ಮೇಲೆ ಮಣ್ಣಿನ ಒಲೆ, ಅದರ ಪಕ್ಕ ಮುದ್ದೆ ಕಟ್ಟಲು ಕಡಪ ಕಲ್ಲಿನ ಕಟ್ಟೆ. ಪಾತ್ರೆ ಬೋರಲು ಹಾಕಲು ಇರಲಿ ಎಂದು ಆ ಕಲ್ಲನ್ನು ಮಾಡಿನಿಂದ ಆಚೆಗೂ ಒಂದಿಷ್ಟು ಚಾಚಿಸಿದೆ.

“ಏನ್ರಿ, ಒಲೆ ಕಟ್ತಿದೀರೋ, ಕೋಟೆ ಕಟ್ತಿದೀರೋ?” ಎಂದು ಹೆಂಡತಿ ನಕ್ಕಳು.

ಆಮೇಲೆ ಕಾಯುವ ಕೆಲಸ. ಊರವರೆಲ್ಲ ದಾಳಿಂಬೆ ಉದುರದಿರಲಪ್ಪ ಎಂದು ದೇವರಿಗೆ ಕೈಮುಗಿಯುವಾಗ ನಾನೊಬ್ಬ ಒಳಗೊಳಗೇ ಆಲಿಕಲ್ಲು ಬೇಡುತ್ತಿದ್ದೆ. ಬಾಯಿಬಿಟ್ಟಿದ್ದರೆ ಒದೆ ಬೀಳುತ್ತಿತ್ತು. ಅವ್ವ ಮಾತ್ರ ಒಳಗೆ ಹೊಗೆಯಲ್ಲಿ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ಒಂದು ದಿನ ಉಪ್ಪಿನ ಡಬ್ಬಿ ಎದುರಿಗಿದ್ದರೂ ತಡಕಾಡಿದಳು. ನನಗೆ ಭಯವಾಯಿತು.

ಮೋಡ ಕಟ್ಟಿದ್ದು ಒಂದು ಭಾನುವಾರ ಮಧ್ಯಾಹ್ನ. ಗಾಳಿ ಎದ್ದಿತು, ಹಿಂದೆಯೇ ಆಲಿಕಲ್ಲು ಸುರಿಯಿತು. ಜಿಂಕ್ ಶೀಟಿನ ಸದ್ದಿಗೆ ಕಿವಿ ಗಡಚಿಕ್ಕುತ್ತಿತ್ತು. ನಾನು ಹಿತ್ತಲ ಬಾಗಿಲಲ್ಲಿ ನಿಂತು, “ನೋಡವ್ವ, ನೋಡು! ಒಂದು ತೂತಿಲ್ಲ!” ಎಂದು ಕೂಗುತ್ತಿದ್ದೆ.

ನಮ್ಮ ಮನೆಯಲ್ಲೊಂದು ವಾಡಿಕೆ ಇದೆ. ಆಲಿಕಲ್ಲು ಬಿದ್ದರೆ ಮನೆಯ ಹಿರಿಹೆಂಗಸು ಒನಕೆಯನ್ನು ಬಯಲಿಗೆ ಎಸೆಯಬೇಕು, ಆಗ ಮಳೆ ತಣ್ಣಗಾಗುತ್ತದೆ. ಕೂಗಾಟದಲ್ಲಿ ನಾನದನ್ನು ಮರೆತೇಬಿಟ್ಟಿದ್ದೆ. ನನ್ನ ಪಕ್ಕದಿಂದಲೇ ಒನಕೆ ಹಾರಿತು. ಅವ್ವನಿಗೆ ಅಂದಾಜು ಸಿಗಲಿಲ್ಲ. ಒನಕೆಯ ಕಬ್ಬಿಣದ ಬಳೆ ಚಾಚಿದ ಕಡಪ ಕಲ್ಲಿನ ತುದಿಗೇ ಬಡಿಯಿತು. ಆಧಾರವಿಲ್ಲದ ಕಲ್ಲು, ಮೊಳದುದ್ದ ಮುರಿದು ನೆಲಕ್ಕೆ ಬಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. “ಬೇಕಂತಲೇ ಮಾಡಿದ್ಯಾ?” ಎಂದು ಹೆತ್ತವಳ ಮೇಲೆ ರೇಗಿದೆ. ಅವಳು ಒಳಗೆ ಹೋದಳು. ಇದೇ ನೆಪ ಸಾಕು, ಇನ್ನು ಇವಳು ಹೊರಗೆ ಬರುವುದಿಲ್ಲ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಒಳಗೆ ಹೊಗೆಯಿರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಅವ್ವ ಹೊಸ ಒಲೆಯ ಮುಂದೆ ಕೂತು ಎಸರಿಗೆ ಹಿಟ್ಟು ಹಾಕುತ್ತಿದ್ದಳು.

“ಬೇಕಂತ ಎಸೀತೀನೇನಪ್ಪ? ಆ ಸದ್ದು ಕೇಳಿ ಎದೆ ಒಡದಂಗಾತು. ನನ್ನ ಮಗ ಐಸು ಹೊತ್ಕಂಡು ಊರೂರು ತಿರುಗಿ ಕಟ್ಟಿಸಿದ್ದು ಹಾಳಾಗ್ತೈತಲ್ಲ, ಮಳೆ ನಿಲ್ಲಲಿ ಅಂತ ಎಸ್ದೆ.”

ರೇಗಿದ್ದಕ್ಕೆ ಕೆನ್ನೆಗೆ ಹೊಡೆದುಕೊಳ್ಳಬೇಕೆನಿಸಿತು.

“ಅಲ್ಲೇ ಯಾಕ್ ನಿಂತೀಯ? ಗುದ್ದಲಿ ತಗಂಡು ಒಳಗಿನ ಒಲೆ ಕಿತ್ತಾಕು ಹೋಗು” ಅಂದಳು ಅವ್ವ.