ಸರೋವರಕ್ಕೆ ಹೋದ ಕುಕ್ಕರ್

ಟೀಚರ್ ಅವರ ಎಡಗಾಲಿನ ಬೂಟಿನ ಅಟ್ಟೆ ಬಲಗಾಲಿನದಕ್ಕಿಂತ ಎರಡು ಬೆರಳು ದಪ್ಪ. ಚಿಕ್ಕಂದಿನಲ್ಲಿ ಬಂದ ಪೋಲಿಯೋ ಆ ಕಾಲನ್ನು ಗಿಡ್ಡ ಮಾಡಿಟ್ಟಿತ್ತು. ನೈರೋಬಿಯ ಪಂಗಾನಿ ಬಡಾವಣೆಯ ನಮ್ಮ ಬಿಲ್ಡಿಂಗ್‌ನಲ್ಲಿ ಲಿಫ್ಟ್ ಕೆಟ್ಟ ದಿನ, ಅಂದರೆ ವಾರಕ್ಕೆ ನಾಲ್ಕು ದಿನ, ಅವರು ಮೆಟ್ಟಿಲು ಹತ್ತುವುದು ಮನೆಯೊಳಗೇ ಕೇಳಿಸುತ್ತಿತ್ತು: ಟಕ್, ಧಪ್, ಟಕ್, ಧಪ್. ಕೈ ಹಿಡಿಯಲು ಹೋದವರಿಗೆ, "ರೇಲಿಂಗ್ ಉಂಟಲ್ಲ, ನೀವೆಂತಕ್ಕೆ?" ಎನ್ನುತ್ತಿದ್ದರು.

ಮಂಗಳೂರಿನ ಕಡೆಯವರು. ಇಲ್ಲಿಯ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾಗಿದ್ದರು. ಬ್ಯಾಂಕಿನ ಕೆಲಸಕ್ಕೆಂದು ಮೈಸೂರಿನಿಂದ ಬಂದ ನಾನು ಅವರ ಎದುರು ಮನೆಯವಳು. ಎಲ್ಲರಂತೆ ನಾನೂ ಟೀಚರ್ ಎಂದೇ ಕರೆಯುತ್ತಿದ್ದೆ. ನನ್ನ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅವರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಕನ್ನಡದಲ್ಲಿ ಹೇಳಿದರೆ ಚಕ್ಕುಲಿ ಸಿಗುತ್ತಿತ್ತು.

ಅವರ ಅಡುಗೆಮನೆಯ ಗೋಡೆಯಲ್ಲಿ ದೇವರ ಪಟದ ಪಕ್ಕ ಕೀನ್ಯಾ ಪರ್ವತದ ನಕ್ಷೆ. ಅದರ ಎತ್ತರದ ಒಂದು ಸರೋವರಕ್ಕೆ ಕೆಂಪು ಪೆನ್ಸಿಲಿನ ಸುತ್ತು. ಸತ್ತ ಜ್ವಾಲಾಮುಖಿಯ ಮೈಯನ್ನು ಹಿಮನದಿ ಬಟ್ಟಲಿನ ಹಾಗೆ ಕೊರೆಯಿತು, ಹಿಮ ಕರಗಿ ಬಟ್ಟಲಲ್ಲಿ ನೀರು ನಿಂತಿತು ಎಂದು ಸೌಟು ಹಿಡಿದೇ ಪಾಠ ಮಾಡುತ್ತಿದ್ದರು. ಅಲ್ಲಿಂದ ಹೊರಟ ಹೊಳೆ ತಾನಾ ನದಿ ಸೇರಿ ಸಮುದ್ರಕ್ಕೆ ಹೋಗುತ್ತದೆ. "ಅದೇ ಸಮುದ್ರ ನಮ್ಮ ಉಳ್ಳಾಲಕ್ಕೆ ಬಂದು ಬಡೀತದೆ, ಗೊತ್ತುಂಟಾ?" ನಕ್ಷೆಯಲ್ಲಿ ಆ ಸರೋವರಕ್ಕೆ ಇದ್ದ ಬಿಳಿಯನ ಹೆಸರನ್ನು ಮಾತ್ರ ಹೊಡೆದು ಹಾಕಿದ್ದರು. "ಬೆಟ್ಟದ ಬುಡದವರು ಮನೆ ಬಾಗಿಲನ್ನೇ ಅದರ ಕಡೆ ಇಟ್ಟು ಬದುಕಿದ್ರು. ಇವ ಮೊನ್ನೆ ಬಂದು ಹೆಸರಿಟ್ಟ. ಬಾಡಿಗೆಗೆ ಬಂದವ ಗೇಟಿಗೆ ಬೋರ್ಡ್ ಹಾಕಿದ ಹಾಗೆ!"

ಇಷ್ಟೆಲ್ಲ ಹೇಳುವ ಟೀಚರ್ ಆ ಸರೋವರವನ್ನು ನೋಡಿರಲೇ ಇಲ್ಲ.

ಅವರನ್ನು ಕೊರೆಯುತ್ತಿದ್ದುದು ಅದೇ. ಹಿಂದೊಮ್ಮೆ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, "ಟೀಚರ್, ಅಲ್ಲಿ ನಿಂತರೆ ಏನು ಕೇಳಿಸುತ್ತದೆ?" ಎಂದಿದ್ದಳಂತೆ. ಪುಸ್ತಕದಲ್ಲಿ ಆಳವಿತ್ತು, ಎತ್ತರವಿತ್ತು, ಇದಿರಲಿಲ್ಲ. ಇವರು ಗಾಳಿ ಎಂದು ಏನೋ ಹೇಳಿ ಬಾಯಿ ಮುಚ್ಚಿಸಿದ್ದರು. "ಸುಳ್ಳು ಹೇಳಿದೆ ಮಾರಾಯ್ತಿ, ಅಷ್ಟು ಮಕ್ಕಳ ಎದುರು. ಸಾಯುವ ಮೊದಲು ಒಮ್ಮೆ ಅಲ್ಲಿ ನಿಲ್ಲಬೇಕು."

ಈ ಮಾತು ನಮ್ಮ ಕನ್ನಡ ಬಳಗದ ಊಟದ ದಿನ ಹೊರಬಿತ್ತು. ಅಧ್ಯಕ್ಷರು ಗಾಬರಿಯಾದರು. "ಟೀಚರ್, ಈ ಕಾಲಲ್ಲಾ? ಡ್ರೋನ್ ವಿಡಿಯೋ ಇದೆ, ಟಿವಿಗೆ ಕನೆಕ್ಟ್ ಮಾಡಿಕೊಡ್ತೀನಿ, ಆರಾಮಾಗಿ ಸೋಫಾದಲ್ಲಿ ಕೂತು ನೋಡಿ."

"ಊಟದ ಫೋಟೋ ನೋಡಿದ್ರೆ ನಿಮ್ಮ ಹೊಟ್ಟೆ ತುಂಬ್ತದಾ?" ಎಂದು ಟೀಚರ್ ಅವರ ಮುಂದಿನ ಎಲೆಯತ್ತ ಕೈ ತೋರಿಸಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಜೊತೆಗೆ ನಾನೂ ಬರುತ್ತೇನೆ ಎಂದುಬಿಟ್ಟೆ.

ಜೀಪು ಹೋಗುವಷ್ಟು ದೂರ ಜೀಪಿನಲ್ಲಿ, ಆಮೇಲೆ ಕಾಲ್ನಡಿಗೆ. ಬೇರೆಯವರು ಒಂದು ದಿನದಲ್ಲಿ ಮುಗಿಸುವ ದಾರಿಗೆ ನಮಗೆ ಮೂರು ದಿನ. ಗೈಡ್ ಚೀಲ ಎತ್ತಿ, "ಮ್ವಾಲಿಮು, ಇದರೊಳಗೆ ಕಲ್ಲು ಇಟ್ಟಿದ್ದೀರಾ?" ಎಂದು ಕೇಳಿದ. ಅಲ್ಲಿಯವರು ಟೀಚರಿಗೆ ಹಾಗೆನ್ನುತ್ತಾರೆ. ಒಳಗಿದ್ದುದು ಮೂರು ಲೀಟರಿನ ಪ್ರೆಷರ್ ಕುಕ್ಕರ್. ಅವನು ಹೊಟ್ಟೆ ಹಿಡಿದು ನಕ್ಕ. ಸಂಜೆ ಪಕ್ಕದ ಡೇರೆಯವರ ಅನ್ನ ಎಷ್ಟು ಕುದಿಸಿದರೂ ಹರಳಿನಂತೆ ಉಳಿದಾಗ ನಮ್ಮ ಕುಕ್ಕರ್ ಕೂಗಿತು. ಎತ್ತರದಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ, ಅಕ್ಕಿ ಬೇಯುವುದಿಲ್ಲ. ಮೂವತ್ತು ವರ್ಷ ಕಲಿಸಿದ ಪಾಠ. ಗೈಡ್ ಎರಡು ಸಲ ಬಡಿಸಿಕೊಂಡ. ಟೀಚರ್ ಮೂರನೇ ಕೂಗಿಗೆ ಸರಿಯಾಗಿ ಒಲೆ ಆರಿಸಿದ್ದರು. ಮನೆಯಲ್ಲೂ ಹಾಗೇ. ನಾನು ನಾಲ್ಕು ಕೂಗಿಸಿದರೆ, "ಅನ್ನವಾ, ಗೋಂದಾ?" ಎಂದು ಎದುರು ಮನೆಯಿಂದಲೇ ಬೈಗುಳ.

ಕೊನೆಯ ಬೆಳಿಗ್ಗೆ ನನ್ನ ತಲೆ ಸಿಡಿಯಿತು, ವಾಂತಿಯೂ ಆಯಿತು. ಎರಡೂ ಕಾಲು ನೆಟ್ಟಗಿದ್ದವಳು ಡೇರೆಯಲ್ಲಿ ಮಲಗಿದೆ. ಟೀಚರ್ ಗೈಡ್ ಜೊತೆ ಹೊರಟರು. ಟಕ್, ಧಪ್. ಅವನ ಬೆನ್ನಿಗೆ ಕುಕ್ಕರ್.

ಸಂಜೆ ಮರಳಿದಾಗ ಅವರ ಮುಖ ಬಿಸಿಲಿಗೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. "ಏನು ಕೇಳಿಸ್ತು ಟೀಚರ್?"

"ಹೇಳುದಿಲ್ಲ. ನೋಡದವರಿಗೆ ಹೇಳಿ ಹೇಳಿ ನನ್ನ ಜನ್ಮ ಹೋಯ್ತು. ನೀನೇ ಹೋಗಿ ಕೇಳು." ಪ್ರಶ್ನೆ ಕೇಳಿದ್ದ ಆ ಹುಡುಗಿ ಈಗ ತಾನೂ ಟೀಚರ್. ಮನೆಗೆ ಬಂದ ಮೇಲೆ ಅವಳಿಗೆ ಫೋನು ಮಾಡಿ ಅಂದಿನ ಸುಳ್ಳನ್ನು ಒಪ್ಪಿಕೊಂಡರು, ನಿನ್ನ ಶಾಲೆಯ ಮಕ್ಕಳನ್ನು ಕರಕೊಂಡು ಹೋಗು ಎಂದರು. ಉತ್ತರ ಅವಳಿಗೂ ಕೊಡಲಿಲ್ಲ.

ಕಳೆದ ವರ್ಷ ಟೀಚರ್ ಜ್ವರ ಬಂದು ಎಂಟೇ ದಿನಕ್ಕೆ ಹೋಗಿಬಿಟ್ಟರು. ಮಣ್ಣು ಮಾಡಿದ ದಿನ ಅಧ್ಯಕ್ಷರು, "ಪಾಪ, ಆ ಕಾಲು ಇಟ್ಕೊಂಡು..." ಎಂದು ಶುರು ಮಾಡಿದರು. "ಪಾಪ ಅನ್ನಬೇಡಿ ಸಾರ್, ಅವರು ನೋಡಿದ್ದನ್ನ ನಾವ್ಯಾರೂ ನೋಡಿಲ್ಲ," ಎಂದೆ. ನನ್ನ ದನಿ ಜೋರಾಗಿಯೇ ಇತ್ತು. ಇರಲಿ.

ಕುಕ್ಕರ್ ನನಗೆ ಬಂತು. ಈ ಜನವರಿಯಲ್ಲಿ ಅದನ್ನು ಹೊತ್ತು ಹೋದೆ. ಈ ಸಲವೂ ತಲೆ ಸಿಡಿಯುವುದರಲ್ಲಿತ್ತು. ಡೇರೆಯಲ್ಲಿ ಒಂದು ದಿನ ಹೆಚ್ಚು ಕೂತು, ನೋವು ಇಳಿದ ಮೇಲೆ ಹೊರಟೆ. ಅದೇ ಗೈಡ್. ಸರೋವರದ ಮೂರು ಕಡೆ ಕಪ್ಪು ಬಂಡೆಯ ಗೋಡೆ. ಕಿವಿಗೊಟ್ಟೆ. ನನ್ನ ಎದೆಬಡಿತ ಬಿಟ್ಟು ಏನೂ ಇಲ್ಲ. ಗೈಡ್ ಒಂದು ಚಪ್ಪಟೆ ಕಲ್ಲು ತೋರಿಸಿ, "ಮ್ವಾಲಿಮು ಒಲೆ ಇಟ್ಟದ್ದು ಇಲ್ಲಿ," ಎಂದ. ಅಲ್ಲೇ ಇಟ್ಟೆ. ಕುಕ್ಕರ್ ಕೂಗಿತು. ಎದುರಿನ ಗೋಡೆ ಕೂಗಿತು, ಎಡದ್ದು ಕೂಗಿತು, ಬಲದ್ದು ಕೂಗಿತು. ನನಗೆ ಅಳು ಬಂತು, ನಗುವೂ ಬಂತು.

"ಅವತ್ತು ಎಷ್ಟು ಕೂಗಿಸಿದ್ರು?" ಎಂದು ಕೇಳಿದೆ.

"ಹನ್ನೊಂದು. ನಾನು ಆರಿಸಲು ಹೋದರೆ ಕೈಗೆ ಹೊಡೆದರು. ಅನ್ನ ಪೂರಾ ಗಂಜಿ."

ಮೂರನೆಯ ಕೂಗಾಯಿತು. ಗೈಡ್ ಒಲೆಯತ್ತ ಬಗ್ಗಿದ. ನಾನು ಅವನ ಕೈಗೆ ಹೊಡೆದೆ.