ಎಡಗಡೆಯ ಅಪೆಂಡಿಕ್ಸ್

ನಮ್ಮಕ್ಕನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತೆಂದು ಕಂಪ್ಲಿಯ ನಮ್ಮ ಓಣಿಯವರೆಲ್ಲ ನಂಬಿದ್ದಾರೆ. ನನ್ನ ಮೊದಲ ಆಕ್ಷೇಪ: ಅಪೆಂಡಿಕ್ಸ್ ಇರುವುದು ಬಲಕ್ಕೆ, ಅಕ್ಕ ಕೈಯೊತ್ತಿ ಕೂರುತ್ತಿದ್ದದ್ದು ಎಡಕ್ಕೆ. ಎರಡನೆಯದು: ಆ ಅಪೆಂಡಿಕ್ಸ್ ಇವತ್ತಿಗೂ ಅವಳ ಹೊಟ್ಟೆಯಲ್ಲಿ ಕ್ಷೇಮವಾಗಿದೆ.

ತೆಗೆದದ್ದು ಅಂಡಾಶಯದ ಗಡ್ಡೆಯನ್ನು. ಅಕ್ಕ ತೋರಣಗಲ್ಲಿನ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ಚೂಡಿದಾರ ಹೊಟ್ಟೆಯ ಮೇಲೆ ಬಿಗಿಯಾಗತೊಡಗಿದಾಗ ಅವ್ವ ಡಾಕ್ಟರನ್ನು ಹುಡುಕಲಿಲ್ಲ, ದರ್ಜಿಯನ್ನು ಹುಡುಕಿದಳು.

"ಲಗ್ನ ಆಗದ ಹುಡುಗಿ ಹೊಟ್ಟಿ ಹೊತ್ಕೊಂಡು ಸ್ಕ್ಯಾನಿಂಗಿಗೆ ಹೋದ್ರ ಮಂದಿ ಏನಂತಾರ?"

ಬಿಚ್ಚಲು ಹೊಲಿಗೆಯೇ ಉಳಿಯದಾದ ಮೇಲೆ ಹೊಸಪೇಟೆಗೆ ಹೋದೆವು. ಅಲ್ಟ್ರಾಸೌಂಡಿನಲ್ಲಿ ಗಡ್ಡೆ ಕಂಡಿತು. ಅದು ಬೇರೆಲ್ಲಾದರೂ ಹರಡಿದೆಯೇ, ಇನ್ನೊಂದು ಅಂಡಾಶಯ ಹೇಗಿದೆ ಎಂಬುದನ್ನು ಆಪರೇಷನ್‌ಗೆ ಮೊದಲೇ ನೋಡಬೇಕು, ಸಿ.ಟಿ. ಸ್ಕ್ಯಾನ್ ಮಾಡಿಸಿ ಎಂದರು ಡಾಕ್ಟರು. ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನ ಮೇಲೆ, ನಮ್ಮ ಗ್ರಹಚಾರಕ್ಕೆ, ಬುಕ್ಕಸಾಗರದ ಸೋದರತ್ತೆ ಕೂತಿದ್ದಳು.

"ಏನಾಗೇತವ್ವಾ ಹುಡುಗಿಗೆ?"

"ಅಪೆಂಡಿಕ್ಸ್," ಎಂದಳು ಅವ್ವ. ಆ ಸುಳ್ಳು ಹುಟ್ಟಿದ್ದು ಅಲ್ಲೇ.

ಅಷ್ಟರಲ್ಲಿ ಟೆಕ್ನಿಷಿಯನ್ ಹುಡುಗಿ ಬಾಗಿಲಿಗೆ ಬಂದು ಅಕ್ಕನನ್ನು ಕೇಳಿದಳು: "ಬಸಿರದೀರೇನ್ರಿ? ಮುಟ್ಟು ಯಾವಾಗ ಆಗಿದ್ರಿ?" ಸ್ಕ್ಯಾನ್‌ನ ಕಿರಣಗಳು ಗರ್ಭಕ್ಕೆ ಒಳ್ಳೆಯದಲ್ಲವಾದ್ದರಿಂದ ಎಲ್ಲ ಹೆಂಗಸರಿಗೂ ಕೇಳುವ ಪ್ರಶ್ನೆ ಅದು.

ಅವ್ವ ಧಡಕ್ಕನೆ ಎದ್ದಳು. "ಲಗ್ನಾನ ಆಗಿಲ್ಲ ತಾಯಿ, ನಾಲಿಗಿ ಬಿಗಿ ಹಿಡಿ!"

"ಮಷೀನಿಗೆ ಲಗ್ನಪತ್ರಿಕಿ ಓದಾಕ ಬರಲ್ಲವ್ವಾ, ಕುಂದ್ರು," ಎಂದು ಅಕ್ಕ ಅವಳ ಸೆರಗು ಜಗ್ಗಿದಳು. "ಬಸಿರಿಲ್ರಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಒಳಗೆ ನಡೆದಳು.

ಗಡ್ಡೆ ಎಡ ಅಂಡಾಶಯ ದಾಟಿದ ಗುರುತು ಸ್ಕ್ಯಾನ್‌ನಲ್ಲಿ ಇರಲಿಲ್ಲ. ಅವ್ವ ಕೈಮುಗಿಯಲು ಹೊರಟಳು. "ತಡೀರಿ, ಸ್ಕ್ಯಾನ್ ದಾರಿ ತೋರಸ್ತೈತಿ, ತೀರ್ಪು ಕೊಡಂಗಿಲ್ಲ," ಎಂದರು ಡಾಕ್ಟರು. ತೀರ್ಪು ಬಂದದ್ದು, ತೆಗೆದ ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ ಮೇಲೆ: ಕ್ಯಾನ್ಸರ್ ಅಲ್ಲ. ಬಲಗಡೆಯ ಅಂಡಾಶಯವೂ ಉಳಿಯಿತು.

ಅದರ ಜೊತೆ ಅವ್ವನ ಆ ಸುಳ್ಳೂ ಉಳಿಯಿತು. ನಾಳೆ ಮೆಟ್ರಿಯಿಂದ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ.

"ಕೇಳಿದ್ರ ಅಪೆಂಡಿಕ್ಸ್ ಅನ್ನು, ಮುಗೀತು," ಎಂದಳು ಅವ್ವ, ಕಪ್-ಬಸಿಗಳನ್ನು ಒರೆಸುತ್ತ.

"ನಾ ಇದ್ದದ್ದು ಇದ್ದಂಗ ಹೇಳಾಕಿ. ಎದ್ದು ಹೋಗೋರು ಚಾ ಆರೂದ್ರಾಗ ಹೋಗ್ಲಿ," ಎಂದಳು ಅಕ್ಕ.

ಅವ್ವ ನನ್ನತ್ತ ತಿರುಗಿದಳು. "ಕಾಲೇಜಿನ್ಯಾಗ ವಾದ ಮಾಡಿ ಕಪ್ ಗೆದ್ದಾಕಿ ನೀ. ಈಕಿಗೆ ನಾಕು ಬುದ್ಧಿಮಾತು ಹೇಳು. ಅಪೆಂಡಿಕ್ಸ್ ಅಂದ್ರ ಯಾರಿಗೇನು ಲುಕ್ಸಾನು?"

ಎದುರು ಪಕ್ಷಕ್ಕೆ ಒಂದೇ ಪ್ರಶ್ನೆ ಸಾಕಾದರೆ ಎರಡನೆಯದನ್ನು ಕೇಳಬಾರದೆಂದು ನಾನು ಕಲಿತಿದ್ದೇನೆ.

"ಅವ್ವಾ, ಅಕ್ಕಂದು ಖರೇನ ಅಪೆಂಡಿಕ್ಸ್ ಆಗಿದ್ರ, ನೀ ಮೊದಲು ಡಾಕ್ಟರ್ ಹತ್ರ ಓಡ್ತಿದ್ದೋ, ದರ್ಜಿ ಹತ್ರನೋ?"